ಆಟಕ್ಕುಂಟು, ಲೆಕ್ಕಕ್ಕಿಲ್ಲ: ಏಪ್ರಿಲ್‌ನಲ್ಲಿ ನಾವು ಜಗಳ ಆಡೋದು ಯಾಕೆ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗುರುವಾರ ಸಂಜೆ ಐದು ಗಂಟೆ ಅಂದರೆ ಬೆಂಗಳೂರಿನಲ್ಲಿ ಶುಕ್ರವಾರ ಬೆಳಗ್ಗೆ ಐದೂವರೆ. ಭಾವ ವಾಕಿಂಗ್‌ಗೆ ಶೂ ಹಾಕಿಕೊಳ್ಳುತ್ತಾ ಫೋನ್ ಮಾಡುತ್ತಾರೆ. "ಆಮೇಲೆ ಮಾಡ್ತೀನಿ ಭಾವ, ಡ್ರಾಫ್ಟ್ ನಡೀತಿದೆ" ಅನ್ನುತ್ತೇನೆ. ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ಇದೇ ಕತೆ, ಪ್ರತಿ ವರ್ಷ ಅವರದ್ದು ಅದೇ ಪ್ರಶ್ನೆ. "ಆ ಅಮೆರಿಕನ್ ಫುಟ್‌ಬಾಲ್ ಶುರುವಾಗೋದು ಸೆಪ್ಟೆಂಬರ್‌ನಲ್ಲಿ. ಈಗಲೇ ಕೂತು, ನೀನು ಒಂದು ಸಲವೂ ನೆಟ್ಟಗೆ ನೋಡದ ಕಾಲೇಜು ಹುಡುಗರ ವಿಷಯಕ್ಕೆ ಯಾಕೆ ಹೊಡೆದಾಡ್ತೀಯ?"

ಆಫೀಸಿಗೆ ಹೊಸದಾಗಿ ಬಂದ ನಮ್ಮ ಕಡೆಯವರೂ ಇದನ್ನೇ ಕೇಳುತ್ತಾರೆ. ಹೆಂಡತಿ ಕೇಳೋದು ನಿಲ್ಲಿಸಿ ವರ್ಷಗಳಾದವು. ಸರಿ, ಒಂದೇ ಸಲ ಬರೆದುಬಿಡೋಣ ಅಂತ ಕೂತೆ.

ಮೊದಲು ಡ್ರಾಫ್ಟ್ ಅಂದರೆ ಏನು ಅಂತ. ಸ್ಕೂಲ್ ಮೈದಾನದಲ್ಲಿ ಇಬ್ಬರು ಕ್ಯಾಪ್ಟನ್‌ಗಳು ನಿಂತು "ಇವನು ನನಗೆ, ಅವನು ನಿನಗೆ" ಅಂತ ಹುಡುಗರನ್ನ ಹಂಚಿಕೊಳ್ಳುತ್ತಿದ್ದೆವಲ್ಲ, ಅದೇ. ಇಲ್ಲಿ ಇಬ್ಬರ ಬದಲು ಎನ್‌ಎಫ್‌ಎಲ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಲೀಗ್‌ನ 32 ಟೀಮು. ಕಾಲೇಜು ಆಟ ಮುಗಿಸಿದ ಹುಡುಗರನ್ನ ಏಳು ರೌಂಡ್‌ಗಳಲ್ಲಿ, ಮೂರು ದಿನ ಕೂತು ಆರಿಸುತ್ತಾರೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ, ಸೂಪರ್ ಬೌಲ್ ಅನ್ನೋ ಫೈನಲ್ ಗೆದ್ದವರಿಗೆ ಕೊನೆಯದ್ದು. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಈ ಉಪಾಯ ಹೇಳಿದ್ದು, ಅವರ ಟೀಮು ಸೋತು ಸುಣ್ಣವಾಗಿದ್ದ ಕಾಲದಲ್ಲಿ. 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಆ ಮೊದಲ ಡ್ರಾಫ್ಟ್‌ನ ಮೊದಲ ಹುಡುಗ ಜೇ ಬರ್ವಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದು ಮ್ಯಾಚೂ ಆಡಲಿಲ್ಲ. ಶುರುವಿನಲ್ಲೇ ಶಕುನ ಹಾಗಿತ್ತು ನೋಡಿ.

ಐಪಿಎಲ್ ಹರಾಜಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ. ಅಲ್ಲಿ ದುಡ್ಡು ಇದ್ದವರು ಕೂಗಿ ಕೊಳ್ಳುತ್ತಾರೆ. ಇಲ್ಲಿ ಕೂಗೋ ಹಾಗಿಲ್ಲ, ಸರದಿ ಬರೋ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು. ಇಲ್ಲವಾದರೆ ಮುಂದೆ ನಿಂತವರಿಗೆ ಏನಾದರೂ ಕೊಟ್ಟು ಅವರ ಸರದಿ ಕೊಳ್ಳಬೇಕು. ಜಗಳ ಹುಟ್ಟೋದು ಈ "ಏನಾದರೂ ಕೊಟ್ಟು" ಅನ್ನೋದರಲ್ಲೇ.

ನಮ್ಮ ಟೀಮು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್. ಹೆಸರು ಸ್ಯಾನ್ ಫ್ರಾನ್ಸಿಸ್ಕೊದ್ದು, ಆದರೆ 2014ರಿಂದ ಆಡೋದು ಸಾಂಟಾ ಕ್ಲಾರಾದಲ್ಲಿ, ಕನ್ನಡಿಗರು ಕಿಕ್ಕಿರಿದಿರೋ ಏರಿಯಾದಲ್ಲಿ. ಮ್ಯಾಚಿನ ದಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬೈದುಕೊಳ್ಳುತ್ತಲೇ ನಾನು ಈ ಆಟ ಕಲಿತೆ ಅಂದರೂ ತಪ್ಪಿಲ್ಲ. ಮಿಕ್ಕಿದ್ದನ್ನ ಕಲಿಸಿದ್ದು ಪಕ್ಕದ ಮನೆಯ ಅಜ್ಜ. ರಿಟೈರ್ ಆದ ಪೋಸ್ಟ್‌ಮ್ಯಾನ್. ಅವರ ಪ್ರಕಾರ ಈ ಟೀಮಿನ ಇತಿಹಾಸದ ಅತಿ ದೊಡ್ಡ ಪಾಪ ನಡೆದದ್ದು 2000ನೇ ಇಸವಿಯಲ್ಲಿ. ಇಲ್ಲೇ ಸ್ಯಾನ್ ಮಟೇಯೊದಲ್ಲಿ, ಇದೇ ಟೀಮಿನ ಅಭಿಮಾನಿಯಾಗಿ ಬೆಳೆದ ಟಾಮ್ ಬ್ರೇಡಿಯನ್ನ ಬಿಟ್ಟು ನಮ್ಮವರು ಮೂರನೇ ರೌಂಡಿನಲ್ಲಿ ಜಿಯೊವಾನಿ ಕಾರ್ಮಾಜಿ ಅನ್ನೋ ಕ್ವಾರ್ಟರ್‌ಬ್ಯಾಕ್‌ನನ್ನ, ಅಂದರೆ ಚೆಂಡು ಎಸೆದು ಆಟ ನಡೆಸೋನನ್ನ, ತೆಗೆದುಕೊಂಡರು. ಬ್ರೇಡಿ 199ನೆಯವನಾಗಿ ನ್ಯೂ ಇಂಗ್ಲೆಂಡ್ ಟೀಮಿಗೆ ಹೋಗಿ ಎಂಥಾ ದಂತಕತೆ ಆದ ಅಂತ ಈ ಆಟ ಗೊತ್ತಿಲ್ಲದವರಿಗೂ ಗೊತ್ತು. ಕಾರ್ಮಾಜಿ ಲೀಗ್‌ನ ಒಂದು ಮ್ಯಾಚಿಗೂ ಇಳಿಯಲಿಲ್ಲ. ಅಜ್ಜನಿಗೆ ಬೇಸರವಾದಾಗಲೆಲ್ಲ ಬೈಗುಳದ ಬದಲು "ಕಾರ್ಮಾಜಿ" ಅನ್ನುತ್ತಾರೆ. ಗ್ಯಾರೇಜ್ ಬಾಗಿಲು ಸಿಕ್ಕಿಕೊಂಡರೂ ಕಾರ್ಮಾಜಿ.

ಈಗ ನನ್ನ ಸ್ವಂತ ಪಾಪಕ್ಕೆ ಬರುತ್ತೇನೆ.

2020ರಲ್ಲಿ ನೈನರ್ಸ್ 6 ಗೆದ್ದು 10 ಸೋತರು. 12ನೇ ಸರದಿ ಸಿಕ್ಕಿತು. 2021ರ ಮಾರ್ಚ್ 26ಕ್ಕೆ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಮತ್ತು ಕೋಚ್ ಕೈಲ್ ಶನಹಾನ್ ಸೇರಿ ಮಯಾಮಿ ಡಾಲ್ಫಿನ್ಸ್ ಹತ್ತಿರ ಒಂದು ವ್ಯಾಪಾರ ಮಾಡಿದರು. 3ನೇ ಸರದಿ ನಮಗೆ. ಬದಲಿಗೆ ನಮ್ಮ 12ನೇ ಸರದಿ, 2022ರ ಮೊದಲ ರೌಂಡ್, 2023ರ ಮೊದಲ ರೌಂಡ್, ಮೇಲೊಂದು ಮೂರನೇ ರೌಂಡ್ ಅವರಿಗೆ. ಒಬ್ಬ ಹುಡುಗನಿಗೋಸ್ಕರ ಮೂರು ವರ್ಷದ ಫಸಲನ್ನ ಅಡವಿಟ್ಟ ಹಾಗೆ.

ಇದು ಲಾಭವೋ ನಷ್ಟವೋ ಅಂತ ಅಳೆಯೋಕೆ ಒಂದು ಪಟ್ಟಿಯೇ ಇದೆ. ಡಲ್ಲಾಸ್ ಕೋಚ್ ಆಗಿದ್ದ ಜಿಮ್ಮಿ ಜಾನ್ಸನ್ ಕಾಲದ್ದು. ಮೊದಲ ಸರದಿಗೆ 3000 ಪಾಯಿಂಟ್, ಮೂರನೆಯದಕ್ಕೆ 2200, ಹನ್ನೆರಡನೆಯದಕ್ಕೆ 1200, ಹೀಗೆ ಇಳಿಯುತ್ತಾ ಹೋಗುತ್ತದೆ. ನಾನು ಅದನ್ನ ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದ್ದೆ, ಮಗಳ ಸ್ಕೂಲ್ ಟೈಮ್‌ಟೇಬಲ್ ಪಕ್ಕದಲ್ಲಿ. ಮೂರು ವಾರ ಹಾಲು ತೆಗೆಯೋಕೆ ಹೋದವನು ಅಲ್ಲೇ ನಿಂತು ಕೂಡೋದು ಕಳೆಯೋದು ಮಾಡುತ್ತಿದ್ದೆ.

ಮೊದಲ ಎರಡು ಸರದಿಯಲ್ಲಿ ಯಾರು ಹೋಗುತ್ತಾರೆ ಅಂತ ಹೆಚ್ಚುಕಮ್ಮಿ ಎಲ್ಲರಿಗೂ ಗೊತ್ತಿತ್ತು, ಟ್ರೆವರ್ ಲಾರೆನ್ಸ್ ಮತ್ತು ಜ್ಯಾಕ್ ವಿಲ್ಸನ್. ಮೂರನೆಯವನು ಯಾವ ಕ್ವಾರ್ಟರ್‌ಬ್ಯಾಕ್ ಅನ್ನೋದೇ ನಮ್ಮ ಯುದ್ಧ. ಅಲಬಾಮಾದ ಮ್ಯಾಕ್ ಜೋನ್ಸ್ ಅಂತ ಅಜ್ಜ. ಓಡಲ್ಲ, ಹಾರಲ್ಲ, ಆದರೆ ಚೆಂಡು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತೆ ಅನ್ನೋರು. ಜಸ್ಟಿನ್ ಫೀಲ್ಡ್ಸ್ ಅಂತ ಆಫೀಸಿನ ಅರ್ಧ ಜನ. ನಾನು ಟ್ರೇ ಲ್ಯಾನ್ಸ್ ಪಾರ್ಟಿ. ನಾರ್ತ್ ಡಕೋಟಾ ಸ್ಟೇಟ್ ಅನ್ನೋ ಸಣ್ಣ ಮಟ್ಟದ ಟೀಮಿನ ಹುಡುಗ. 2019ರಲ್ಲಿ ಆತ ಎಸೆದ 28 ಪಾಸ್ ಟಚ್‌ಡೌನ್ ಆದವು, ಅಂದರೆ ಇಲ್ಲಿಯ ಗೋಲು, ಒಂದೇ ಒಂದು ಚೆಂಡು ಎದುರಾಳಿ ಕೈಗೆ ಕೊಡಲಿಲ್ಲ, 16ಕ್ಕೆ 16 ಮ್ಯಾಚ್ ಗೆಲುವು. 2020ರಲ್ಲಿ ಕೊರೊನಾದಿಂದ ಆಡಿದ್ದು ಒಂದೇ ಮ್ಯಾಚು. ಅಂದರೆ ನೋಡೋಕೆ ಇದ್ದದ್ದೇ ಒಂದು ವರ್ಷದ ಆಟ, ಅದೂ ದುರ್ಬಲ ಟೀಮುಗಳ ಮೇಲೆ. ಆ ಪುಟ್ಟ ಕಿಂಡಿಯಲ್ಲಿ ನನಗೆ ಮುಂದಿನ ಹತ್ತು ವರ್ಷ ಕಂಡುಬಿಟ್ಟಿತು. ಬೇಲಿ ಪಕ್ಕ ನಿಂತು ಅಜ್ಜನಿಗೆ ಮುಕ್ಕಾಲು ಗಂಟೆ ಪಾಠ ಮಾಡಿದೆ, ಅವರು ನೀರಿನ ಪೈಪ್ ಹಿಡಿದು ಒಂದೇ ಗುಲಾಬಿ ಗಿಡಕ್ಕೆ ಅಷ್ಟೂ ಹೊತ್ತು ನೀರು ಬಿಟ್ಟರು.

ಏಪ್ರಿಲ್ 29ಕ್ಕೆ ಟ್ರೇ ಲ್ಯಾನ್ಸ್ ಹೆಸರೇ ಬಂತು. ಅವತ್ತೇ ರಾತ್ರಿ 5ನೇ ನಂಬರ್ ಜೆರ್ಸಿ ಆರ್ಡರ್ ಮಾಡಿದೆ.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇನೆ, ಹೊಟ್ಟೆ ಉರಿಯುತ್ತೆ. 2022ರ ಸೆಪ್ಟೆಂಬರ್ 18ರಂದು ಸಿಯಾಟಲ್ ವಿರುದ್ಧ ಇಲ್ಲೇ, ಮೊದಲ ಕ್ವಾರ್ಟರ್‌ನಲ್ಲೇ ಲ್ಯಾನ್ಸ್ ಕಾಲು ಮುರಿಯಿತು. ನಾನು ಸ್ಟೇಡಿಯಂನಲ್ಲಿದ್ದೆ, ಅದೇ ಜೆರ್ಸಿಯಲ್ಲಿ. ಆತನನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವಾಗ ನನ್ನ ಮುಂದಿನ ಸಾಲಿನ ಹುಡುಗಿಯ ಕೈಯಲ್ಲಿ ಪಾಪ್‌ಕಾರ್ನ್ ಹಾಗೇ ಇತ್ತು, ಬಾಯಿಗೆ ಹೋಗಲಿಲ್ಲ, ವಾಪಸ್ ಡಬ್ಬಿಗೂ ಹೋಗಲಿಲ್ಲ. ನಮ್ಮ ಟೀಮಿಗೆ ಆತ ಶುರುವಿನಿಂದ ಆಡಿದ್ದು ಒಟ್ಟು 4 ಮ್ಯಾಚು. 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೇ ರೌಂಡ್ ಸರದಿಗೆ ಡಲ್ಲಾಸ್‌ಗೆ ದಾಟಿಸಿದರು. ನಾವು ಬಿಟ್ಟುಕೊಟ್ಟ 12ನೇ ಸರದಿ ಕೈಯಿಂದ ಕೈಗೆ ಹೋಗಿ ಕೊನೆಗೆ ಸೇರಿದ್ದೂ ಡಲ್ಲಾಸ್‌ಗೇ. ಅದರಲ್ಲಿ ಅವರು ತೆಗೆದುಕೊಂಡಿದ್ದು ಮೈಕಾ ಪಾರ್ಸನ್ಸ್‌ನನ್ನ. ಕ್ವಾರ್ಟರ್‌ಬ್ಯಾಕ್‌ಗಳ ಪಾಲಿನ ಯಮ.

ಈಗ ಕತೆಯ ಇನ್ನೊಂದು ಮಗ್ಗಲು. 2022ರ ಡ್ರಾಫ್ಟ್‌ನಲ್ಲಿ ನಮಗೆ ಮೊದಲ ರೌಂಡೇ ಇರಲಿಲ್ಲ, ಮಯಾಮಿಗೆ ಕೊಟ್ಟಾಗಿತ್ತಲ್ಲ. ಶನಿವಾರ ಸಂಜೆ ಕೊಟ್ಟಕೊನೆಯ ಸರದಿ, 262ನೆಯದು, ನಮ್ಮದು. ಕೊನೆಯವನಿಗೆ ಇಲ್ಲಿ "ಮಿಸ್ಟರ್ ಇರ್ರೆಲೆವೆಂಟ್" ಅಂತ ಬಿರುದು ಕೊಡುತ್ತಾರೆ. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಮಾತು ಮೊದಲೇ ಇದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. 1976ರಲ್ಲಿ ಪಾಲ್ ಸಲಾಟಾ ಅನ್ನೋ ಹಳೇ ಆಟಗಾರ, ಒಂದು ಕಾಲಕ್ಕೆ ನೈನರ್ಸ್‌ಗೇ ಆಡಿದವರು, ಈ ತಮಾಷೆ ಶುರು ಮಾಡಿದರು. ನ್ಯೂಪೋರ್ಟ್ ಬೀಚ್‌ಗೆ ಕರೆಸಿ ಮೆರವಣಿಗೆ ಗಿರವಣಿಗೆ ಮಾಡಿ, ಚೆಂಡು ಕೈಜಾರಿಸುತ್ತಿರೋ ಆಟಗಾರನ ಗೊಂಬೆಯನ್ನ ಟ್ರೋಫಿ ಅಂತ ಕೊಡುತ್ತಾರೆ. ಆ ವರ್ಷ ಅದು ಸಿಕ್ಕಿದ್ದು ಅಯೋವಾ ಸ್ಟೇಟ್‌ನ ಬ್ರಾಕ್ ಪರ್ಡಿ ಅನ್ನೋ ಹುಡುಗನಿಗೆ. ನಾನು ನೋಡಲಿಲ್ಲ. ಐದನೇ ರೌಂಡಿಗೇ ಟಿವಿ ಆಫ್ ಮಾಡಿ ದೋಸೆ ಹಿಟ್ಟು ರುಬ್ಬೋಕೆ ಹೋಗಿದ್ದೆ.

ಲ್ಯಾನ್ಸ್ ಬಿದ್ದ ಮೇಲೆ ಜಿಮ್ಮಿ ಗರೋಪಲೊ ಬಂದ. ಡಿಸೆಂಬರ್ 4ಕ್ಕೆ ಆತನ ಪಾದವೂ ಮುರಿಯಿತು. ಎದುರಿಗೆ ಯಾರು? ಮಯಾಮಿ. ನಮ್ಮ ಫಸಲೆಲ್ಲ ತಿಂದ ಅದೇ ಮಯಾಮಿ. ಇನ್ನು ಯಾರೂ ಉಳಿದಿಲ್ಲ ಅಂತ 262ನೆಯವನನ್ನ ಇಳಿಸಿದರು, 33-17ರಲ್ಲಿ ಗೆದ್ದುಬಿಟ್ಟೆವು. ಮುಂದಿನ ಸೀಸನ್‌ನಲ್ಲಿ ಆತನೇ ನಮ್ಮನ್ನ ಸೂಪರ್ ಬೌಲ್ ತನಕ ಒಯ್ದ. ಸೋತೆವು, ಓವರ್‌ಟೈಮ್‌ನಲ್ಲಿ, 25-22. ಆ ಮ್ಯಾಚಿನಲ್ಲಿ ನಮ್ಮ ಕಿಕ್ಕರ್ ಜೇಕ್ ಮೂಡಿಯ ಒಂದು ಎಕ್ಸ್‌ಟ್ರಾ ಪಾಯಿಂಟ್ ಕಿಕ್ಕನ್ನ, ಟಚ್‌ಡೌನ್ ಆದ ಮೇಲೆ ಒಂದು ಪಾಯಿಂಟ್‌ಗೆ ಒದೆಯೋದನ್ನ, ಎದುರಾಳಿಗಳು ತಡೆದರು, ನಿಗದಿತ ಸಮಯ ಮುಗಿದಾಗ ಸ್ಕೋರ್ 19-19 ಆಗಿ ನಿಂತಿತು. ಮೂಡಿಯನ್ನ ಮೂರನೇ ರೌಂಡಿನಲ್ಲಿ, 99ನೆಯವನಾಗಿ ತೆಗೆದುಕೊಂಡಾಗಲೇ ಅಜ್ಜ ಕೂಗಾಡಿದ್ದರು, ಕಿಕ್ಕರ್‌ಗೆ ಯಾರಾದರೂ ಮೂರನೇ ರೌಂಡ್ ಖರ್ಚು ಮಾಡ್ತಾರಾ ಅಂತ. ನಾನು "ಒಂದು ಪಾಯಿಂಟ್‌ನಲ್ಲಿ ಮ್ಯಾಚ್ ಹೋದಾಗ ಗೊತ್ತಾಗುತ್ತೆ ಬೆಲೆ" ಅಂದಿದ್ದೆ. ಗೊತ್ತಾಯಿತು.

ಇದನ್ನೆಲ್ಲ ಹೇಳಿದರೆ ಭಾವ ಕೇಳೋದು, ಪರ್ಡಿ ಸಿಕ್ಕಿದನಲ್ಲ, ಮತ್ತೇನು ಗೋಳು? ದುಡ್ಡಿನ ಲೆಕ್ಕ ಭಾವ. ಪ್ರತಿ ಟೀಮಿಗೂ ವರ್ಷಕ್ಕೆ ಇಷ್ಟೇ ಸಂಬಳ ಕೊಡಬಹುದು ಅಂತ ಮಿತಿ ಇದೆ, ಅದೇ ಸ್ಯಾಲರಿ ಕ್ಯಾಪ್. ಡ್ರಾಫ್ಟ್‌ನಲ್ಲಿ ಬಂದವನಿಗೆ ನಾಲ್ಕು ವರ್ಷದ ಕರಾರು, ಸಂಬಳ ಹೆಚ್ಚುಕಮ್ಮಿ ಮೊದಲೇ ನಿಗದಿ. ಲ್ಯಾನ್ಸ್‌ಗೆ ನಾಲ್ಕು ವರ್ಷಕ್ಕೆ ಸುಮಾರು 3.4 ಕೋಟಿ ಡಾಲರ್. ಪರ್ಡಿಗೆ ಅದೇ ನಾಲ್ಕು ವರ್ಷಕ್ಕೆ ಸುಮಾರು 37 ಲಕ್ಷ ಡಾಲರ್. ಕ್ವಾರ್ಟರ್‌ಬ್ಯಾಕ್ ಅಷ್ಟು ಅಗ್ಗಕ್ಕೆ ಸಿಕ್ಕಿದ್ದಕ್ಕೇ ಉಳಿದ ಕಡೆಯೆಲ್ಲ ದುಬಾರಿ ಆಟಗಾರರನ್ನ ಇಟ್ಟುಕೊಳ್ಳೋಕೆ ಆಯಿತು. 2025ರ ಮೇ ತಿಂಗಳಲ್ಲಿ ಪರ್ಡಿಗೆ ಹೊಸ ಕರಾರು ಆಯಿತು, ಐದು ವರ್ಷಕ್ಕೆ 26.5 ಕೋಟಿ ಡಾಲರ್. ಆ ವರ್ಷ ಇಡೀ ಟೀಮಿನ ಮಿತಿ ಸುಮಾರು 27.9 ಕೋಟಿ. ಆ ಕರಾರಿಗೆ ಮುಂಚೆಯೇ ಮನೆ ಖಾಲಿ ಮಾಡೋದು ಶುರುವಾಗಿತ್ತು. ಡೀಬೊ ಸ್ಯಾಮ್ಯುಯೆಲ್ ಒಂದು ಐದನೇ ರೌಂಡ್ ಸರದಿಗೆ ವಾಷಿಂಗ್ಟನ್‌ಗೆ ಹೋದ. ಗ್ರೀನ್‌ಲಾ, ಹುಫಂಗ ಇಬ್ಬರೂ ಡೆನ್ವರ್‌ಗೆ, ಚಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್‌ಗೆ. ಮದುವೆ ಮುಗಿದ ಮಾರನೇ ದಿನದ ಛತ್ರದ ಹಾಗಿತ್ತು. ಆ ಖಾಲಿ ಜಾಗಗಳಿಗೆಲ್ಲ ಕಡಿಮೆ ಸಂಬಳದವರು ಬರಬೇಕು, ಅವರು ಬರೋದು ಡ್ರಾಫ್ಟ್‌ನಿಂದ. ಮೂರನೇ ರೌಂಡಿನ ಯಾವನೋ ಹುಡುಗನ ಬಗ್ಗೆ ನಾನು ಯಾಕೆ ತಲೆ ಕೆಡಿಸಿಕೊಳ್ತೀನಿ ಅಂದರೆ ಇದಕ್ಕೇ. ನಮ್ಮ ಸ್ಟಾರ್ ಆಟಗಾರ ಫ್ರೆಡ್ ವಾರ್ನರ್ ಬಂದಿದ್ದು ಮೂರನೇ ರೌಂಡಿನಲ್ಲಿ. ಇನ್ನೊಬ್ಬ ಸ್ಟಾರ್ ಜಾರ್ಜ್ ಕಿಟಲ್ ಐದನೆಯದರಲ್ಲಿ.

ಇಷ್ಟು ತಪ್ಪಿದ ಮೇಲೂ ಬಾಯಿ ಬಿಡೋಕೆ ನಾಚಿಕೆ ಆಗಲ್ವಾ ಅಂತ ಹೆಂಡತಿ ಒಂದು ಕಾಲಕ್ಕೆ ಕೇಳಿದ್ದಳು. ಆಗಲ್ಲ. ನಾನು ತಪ್ಪಿದ್ದು ಫ್ರಿಜ್ ಮುಂದೆ ನಿಂತು, ಪುಕ್ಕಟೆಯಾಗಿ. ಲಿಂಚ್ ಮತ್ತು ಶನಹಾನ್‌ಗೆ ದೇಶದ ತುಂಬ ಆಟಗಾರರನ್ನ ಅಳೆಯೋ ಸ್ಕೌಟ್‌ಗಳಿದ್ದರು, ಹುಡುಗನ ಜೊತೆ ಕೂತು ಮಾತಾಡಿದ್ದರು, ಕಣ್ಣೆದುರೇ ಚೆಂಡು ಎಸೆಸಿ ನೋಡಿದ್ದರು. ಅವರೂ ಲ್ಯಾನ್ಸ್‌ಗೇ ಮೂರು ವರ್ಷದ ಫಸಲು ಸುರಿದರು. ಪರ್ಡಿಯನ್ನ ನಾವು ಸೇರಿ ಪ್ರತಿ ಟೀಮೂ ಮತ್ತೆ ಮತ್ತೆ ಬಿಟ್ಟಿತು. ಸೆಪ್ಟೆಂಬರ್‌ನಲ್ಲಿ ಆಟ ಶುರುವಾದ ಮೇಲೆ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ, ಯಾವ ತಂತ್ರ ಯಾಕೆ ಹೂಡಿದರು ಅಂತ ನನಗೆ ಅರ್ಧ ಅರ್ಥವೂ ಆಗಲ್ಲ. ಏಪ್ರಿಲ್‌ನ ಆ ಮೂರು ದಿನ ಮಾತ್ರ ನಾನು, ಅಜ್ಜ, ಜಾನ್ ಲಿಂಚ್ ಮೂವರೂ ಒಂದೇ ಕತ್ತಲೆಯಲ್ಲಿ ತಡಕಾಡುತ್ತಿರುತ್ತೇವೆ. ಆ ಸಲುಗೆ ವರ್ಷದಲ್ಲಿ ಬೇರೆ ಯಾವಾಗಲೂ ಸಿಗಲ್ಲ.

ಭಾವನಿಗೆ ಇದೆಲ್ಲ ಹೊಸದೂ ಅಲ್ಲ. 2022ರ ಹರಾಜಿನಲ್ಲಿ ರಜತ್ ಪಾಟಿದಾರ್‌ನನ್ನ ಯಾರೂ ಕೊಳ್ಳಲಿಲ್ಲ, ನಮ್ಮ ಲವ್‌ನೀತ್ ಸಿಸೋಡಿಯಾಗೆ ಗಾಯವಾಗಿದ್ದಕ್ಕೆ ಬದಲಿಯಾಗಿ 20 ಲಕ್ಷಕ್ಕೆ ಆರ್‌ಸಿಬಿ ಕರೆಸಿಕೊಂಡಿತು. 2025ರಲ್ಲಿ ಕಪ್ ಎತ್ತಿದ ಕ್ಯಾಪ್ಟನ್ ಅವರೇ. ಪಾಟಿದಾರ್ ಬಂದಾಗ ಭಾವ "ಯಾರಪ್ಪ ಇವನು, ಸುಮ್ನೆ ಲೆಕ್ಕ ಭರ್ತಿಗೆ" ಅಂತ ಕಳಿಸಿದ ವಾಯ್ಸ್ ಮೆಸೇಜು ಇನ್ನೂ ನನ್ನ ಹತ್ತಿರ ಇದೆ. ಜಾಸ್ತಿ ಮಾತಾಡಿದರೆ ಅಕ್ಕನಿಗೆ ಫಾರ್ವರ್ಡ್ ಮಾಡುತ್ತೇನೆ.

ಜೆರ್ಸಿ ಏನಾಯಿತು ಅಂತಲೂ ಕೇಳುತ್ತಾರೆ. ಹೆಂಡತಿ ತೋಟದ ಕೆಲಸಕ್ಕೆ ಹಾಕಿಕೊಳ್ಳುತ್ತಾಳೆ, ಬೆನ್ನ ಮೇಲಿನ 5 ಅರ್ಧ ಮಾಸಿದೆ.

2021ರಲ್ಲಿ ನಾನು ಬೇಡ ಬೇಡ ಅಂದ ಮ್ಯಾಕ್ ಜೋನ್ಸ್ ಆಗ 15ನೆಯವನಾಗಿ ನ್ಯೂ ಇಂಗ್ಲೆಂಡ್‌ಗೆ ಹೋದ, ಅಲ್ಲಿಂದ ಜಾಕ್ಸನ್‌ವಿಲ್‌ಗೆ, 2025ರಲ್ಲಿ ಪರ್ಡಿಗೆ ಬದಲಿಯಾಗಿ ನಮ್ಮಲ್ಲಿಗೇ ಬಂದ. ಪರ್ಡಿ ಕಾಲ್ಬೆರಳಿಗೆ ಪೆಟ್ಟು ಮಾಡಿಕೊಂಡು ಕೂತಾಗ, ಅಕ್ಟೋಬರ್ 2ರಂದು ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ ಓವರ್‌ಟೈಮ್‌ನಲ್ಲಿ 26-23ಕ್ಕೆ ಗೆಲ್ಲಿಸಿದ. ಮಾರನೇ ಬೆಳಗ್ಗೆ ಏಳು ಗಂಟೆಗೆ ಕಾಲಿಂಗ್ ಬೆಲ್. ಬಾಗಿಲಲ್ಲಿ ಅಜ್ಜ, ಕೈಯಲ್ಲಿ ಅವರ ಮರದ ನಿಂಬೆಹಣ್ಣಿನ ಚೀಲ. ಏನೂ ಮಾತಾಡಲಿಲ್ಲ. ಚೀಲ ಕೊಟ್ಟು, ನನ್ನನ್ನ ಮೇಲಿಂದ ಕೆಳಗೆ ನೋಡಿ, "ಮೂರು ಫಸ್ಟ್ ರೌಂಡ್" ಅಂದು ಹೋದರು.