ಒತ್ತಕ್ಷರದಲ್ಲಿ ಜಾರಿದ ಕೀಲಿ

ಮಲ್ಲೇಶ್ವರದ ಮೇಷ್ಟರು ಅಂಚೆಯಲ್ಲಿ ಕಳುಹಿಸಿದ್ದ ಹನ್ನೊಂದನೆಯ ಗೂಢಲಿಪಿ ನಿನ್ನೆ ರಾತ್ರಿ ಬಿಚ್ಚಿಕೊಂಡಿತು. ಒಟ್ಟು 26 ದಿನ ಹಿಡಿದ ಈ ಕೆಲಸದಲ್ಲಿ ಸುಮಾರು 20 ದಿನಗಳು ಒಂದೇ ಒಂದು ಪ್ರಶ್ನೆಗೆ ಹೋದವು. ಅಕ್ಷರ ಎಣಿಸಿ ಕೋಷ್ಟಕ ಹಾಕುವ ಕೆಲಸ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಅದನ್ನು ಬಿಟ್ಟು, ಆ ಪ್ರಶ್ನೆಯನ್ನು ಮಾತ್ರ ವಿವರವಾಗಿ ದಾಖಲಿಸುತ್ತೇನೆ.

ನಮ್ಮ ಒಪ್ಪಂದದಂತೆ ಗಣಕಯಂತ್ರವನ್ನು ಮುಟ್ಟುವಂತಿಲ್ಲ. ಬಳಸಿರುವುದು, ಒಂದು ಕೀಲಿಪದವನ್ನು ಮತ್ತೆ ಮತ್ತೆ ಸಾಲಾಗಿ ಇಟ್ಟು ಅದರಂತೆ ಅಕ್ಷರಗಳನ್ನು ಸರಿಸುವ ವಿಜನೇರ್ ಪದ್ಧತಿಯ ಕನ್ನಡ ರೂಪ. ಕ ದಿಂದ ಳ ವರೆಗಿನ 34 ವ್ಯಂಜನಗಳಿಗೆ ಒಂದು ಚಕ್ರ, ಅ ದಿಂದ ಔ ವರೆಗಿನ 13 ಸ್ವರಗಳಿಗೆ ಇನ್ನೊಂದು. ಕೀಲಿಪದದ ವ್ಯಂಜನ ವರ್ಣಮಾಲೆಯಲ್ಲಿ ಎಷ್ಟನೆಯದೋ ಅಷ್ಟು ಮನೆ ಎರಡು ಚಕ್ರಗಳೂ ಮುಂದೆ ತಿರುಗುತ್ತವೆ; ಅನುಸ್ವಾರದ ಸೊನ್ನೆಯನ್ನು ಹಾಗೆಯೇ ಬಿಡಲಾಗುತ್ತದೆ. ಹೀಗಾಗಿ ಗೂಢಲಿಪಿಯೂ ಓದಲು ಬರುವ ಕನ್ನಡದಂತೆಯೇ ಕಾಣುತ್ತದೆ. ಈ ಬಾರಿಯ ಹಾಳೆ ‘ಭಾಟಬಿಪಾವುಢೀ’ ಎಂದು ಆರಂಭವಾಗಿತ್ತು.

1863ರಲ್ಲಿ ಪ್ರಷ್ಯದ ಸೇನಾಧಿಕಾರಿ ಕಸಿಸ್ಕಿ ಪ್ರಕಟಿಸಿದ ವಿಧಾನದಂತೆ, ಮರುಕಳಿಸುವ ತುಣುಕುಗಳ ನಡುವಣ ದೂರವನ್ನು ಅಳೆದು ಕೀಲಿಯ ಉದ್ದವನ್ನು ಪಡೆಯಲು ಹೊರಟೆ. ಮೂರು ಒಳ್ಳೆಯ ಮರುಕಳಿಕೆಗಳು ಸಿಕ್ಕಿದವು; ದೂರಗಳು 47, 63 ಮತ್ತು 88. ಕೀಲಿಯ ಉದ್ದವು ಈ ದೂರಗಳನ್ನೆಲ್ಲ ಶೇಷವಿಲ್ಲದೆ ಭಾಗಿಸಬೇಕು; ಆದರೆ ಈ ಮೂರಕ್ಕೂ ಒಂದನ್ನು ಬಿಟ್ಟರೆ ಸಾಮಾನ್ಯ ಅಪವರ್ತನವೇ ಇಲ್ಲ. ಮರುಕಳಿಕೆಗಳು ಆಕಸ್ಮಿಕ ಎನ್ನೋಣವೆಂದರೆ ಒಂದೊಂದೂ ನಾಲ್ಕು ಅಕ್ಷರಗಳಷ್ಟು ಉದ್ದವಿದ್ದವು. ಮತ್ತೆ ಮತ್ತೆ ಎಣಿಸಿದೆ. ಸಂಖ್ಯೆ ಬದಲಾಗಲಿಲ್ಲ.

ಇದರ ನಡುವೆ ಹಾಳೆಯ ತುಂಬ ವಟ್ರಸುಳಿಗಳಿದ್ದುದರಿಂದ, ಮೂಲವು ಸಂಸ್ಕೃತ ಶ್ಲೋಕವಿರಬೇಕೆಂಬ ಊಹೆಯ ಹಿಂದೆ ಒಂದು ವಾರ ಕಳೆಯಿತು. ಖ, ಭ, ಢ ಮುಂತಾದ ಮಹಾಪ್ರಾಣಗಳ ರಾಶಿಯೂ ಆ ಊಹೆಗೆ ಬಲ ಕೊಟ್ಟಿತು.

ಸುಲ್ತಾನ್‌ಪೇಟೆಯ ಒಂದು ಮುದ್ರಣಾಲಯದ ಉಪಟಳವೂ ಇದೇ ಸಮಯಕ್ಕೆ ಬಂದಿತು. ದಪ್ಪ ರಟ್ಟಿನ ಮೇಲೆ ಎರಡು ಚಕ್ರಗಳನ್ನು ಮುದ್ರಿಸಿಕೊಡಲು ಹಣವನ್ನು ಮುಂಗಡವಾಗಿ ಪಡೆದು, ಮೂರು ಬಾರಿ ತಿರುಗಾಡಿಸಿ, ಕೊನೆಗೆ ಕೊಟ್ಟ ಚಕ್ರದಲ್ಲಿ ಙ ಮತ್ತು ಞ ಎರಡರ ಮನೆಯಲ್ಲಿಯೂ ಙ ಎಂದೇ ಅಚ್ಚಾಗಿತ್ತು. ಫೋನಿನಲ್ಲಿ ಕೇಳಿದರೆ, “ಆ ಎರಡು ಅಕ್ಷರ ಈಗ ಯಾರು ಸಾರ್ ಬಳಸ್ತಾರೆ?” ಎಂಬ ಉತ್ತರ ಬಂದಿತು. ನಮ್ಮಂಥವರು ಬಳಸುತ್ತೇವೆ. ಮುಂದಿನ ಚಕ್ರವನ್ನು ನಾನೇ ಕೈವಾರ ಹಿಡಿದು ಬರೆದುಕೊಳ್ಳುತ್ತೇನೆ.

ಆ ರಟ್ಟನ್ನು ಹಿಂದಿರುಗಿಸಲು ಜಯನಗರದಿಂದ ಮೆಟ್ರೊದಲ್ಲಿ ಹೊರಟಾಗ, ಮೇಷ್ಟರ ಕೈಬರಹದ ಮೂಲ ಹಾಳೆ ಚೀಲದಲ್ಲಿತ್ತು. ಅದುವರೆಗೆ ನಾನು ನೋಡುತ್ತಿದ್ದುದು ಮೂಲವನ್ನಲ್ಲ. ಒತ್ತಕ್ಷರಗಳನ್ನು ಬಿಡಿಸಿ, ವ್ಯಂಜನಕ್ಕೊಂದು ಮನೆಯಂತೆ ಗ್ರಾಫ್ ಹಾಳೆಗೆ ಇಳಿಸಿಕೊಂಡಿದ್ದ ಪ್ರತಿಯನ್ನು. ನ್ಯಾಷನಲ್ ಕಾಲೇಜು ನಿಲ್ದಾಣ ದಾಟಿ ರೈಲು ಸುರಂಗಕ್ಕೆ ಇಳಿದ ಮೇಲೆ ಮೂಲ ಹಾಳೆಯನ್ನು ಬಿಡಿಸಿ ಹಿಡಿದೆ. ಮೇಷ್ಟರು ಒತ್ತುಗಳನ್ನು ಗುಂಡಾಗಿ, ಅಕ್ಷರದಿಂದ ಸ್ವಲ್ಪ ಕೆಳಗೆ ಇಳಿಬಿಟ್ಟು ಬರೆಯುತ್ತಾರೆ. ಅವುಗಳಲ್ಲಿ ಫ್ಫಾ, ಭ್ಭ, ವ್ವೀ, ಞ್ಞ ಎಂಬಂಥವು ಸಾಲುಸಾಲಾಗಿ ಕಂಡವು. ಎಲ್ಲವೂ ಸಜಾತೀಯ ಒತ್ತುಗಳು! ಕನ್ನಡದಲ್ಲಿ ಯಾರೂ ಫ್ಫಾ ಎಂದು ಬರೆಯುವುದಿಲ್ಲ. ಆದರೆ ಅಪ್ಪ, ಹಳ್ಳಿ, ಬೆಟ್ಟ, ಇಲ್ಲಿ, ಇದ್ದ ಎಂದು ದಿನವಿಡೀ ಬರೆಯುತ್ತೇವೆ. ಒತ್ತಕ್ಷರದ ಒಳಗೆ ಕೀಲಿ ಒಂದು ಹೆಜ್ಜೆ ಮುಂದೆ ಹೋಗಿದ್ದರೆ ಟ್ಟ ಎಂಬುದರ ಎರಡು ಟ ಗಳು ಬೇರೆ ಬೇರೆ ಅಕ್ಷರಗಳಾಗಿ ಒಡೆದುಹೋಗಬೇಕಿತ್ತು. ಅವು ಜೋಡಿಯಾಗಿಯೇ ಉಳಿದಿವೆಯೆಂದರೆ, ಮೇಷ್ಟರ ಕೀಲಿ ವ್ಯಂಜನಕ್ಕೊಂದು ಹೆಜ್ಜೆಯಲ್ಲ, ಅಕ್ಷರಕ್ಕೊಂದು ಹೆಜ್ಜೆ ಇಡುತ್ತಿದೆ. ಇಷ್ಟು ಹೊಳೆಯುವ ಹೊತ್ತಿಗೆ ಚಿಕ್ಕಪೇಟೆ ಕಳೆದು ಮೆಜೆಸ್ಟಿಕ್ ಬಂದಿತ್ತು. ಅಲ್ಲಿಯೇ ಇಳಿದು, ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕುಳಿತು ಎಣಿಸಿದೆ: 312 ಅಕ್ಷರಗಳಲ್ಲಿ 51 ಒತ್ತಕ್ಷರಗಳು, ಅವುಗಳಲ್ಲಿ 38 ಸಜಾತೀಯ. ಬರಿಯ ಆಕಸ್ಮಿಕವಾಗಿದ್ದರೆ ಒಂದೋ ಎರಡೋ ಇರಬೇಕಿತ್ತು.

ನಾನು ಪ್ರತಿ ಒತ್ತಕ್ಷರದಲ್ಲಿಯೂ ಒಂದು ಹೆಜ್ಜೆ ಹೆಚ್ಚು ಎಣಿಸುತ್ತಿದ್ದೆ. ಅವನ್ನು ಕಳೆದಾಗ 47, 63, 88 ಎಂಬ ದೂರಗಳು 40, 55, 75 ಆದವು. ಕೀಲಿಯ ಉದ್ದ 5.

ಇದರ ಮುಂದಿನದು ಈ ಹಾಳೆಯ ಅತ್ಯಂತ ಸೊಗಸಾದ ಭಾಗ. ಐದು ಕಂಬಗಳಾಗಿ ಹರಡಿ, ಮೊದಲು ಸ್ವರಗಳನ್ನು ಮಾತ್ರ ನೋಡಿದೆ. ಕನ್ನಡದಲ್ಲಿ ಅಕಾರವೇ ಎಲ್ಲಕ್ಕಿಂತ ಹೆಚ್ಚು. ಎರಡನೆಯ ಮತ್ತು ಐದನೆಯ ಕಂಬಗಳಲ್ಲಿ ಅಕಾರ ತನ್ನ ಜಾಗದಲ್ಲಿಯೇ ಇತ್ತು. ಒಂದನೆಯ ಮತ್ತು ನಾಲ್ಕನೆಯದರಲ್ಲಿ ಆಕಾರ, ಮೂರನೆಯದರಲ್ಲಿ ಇಕಾರ ಮೇಲಿದ್ದವು. ಹದಿಮೂರು ಮನೆಯ ಚಕ್ರದಲ್ಲಿ ಸ್ವರ ಕದಲಬಾರದೆಂದರೆ ಕೀಲಿಯ ವ್ಯಂಜನ 13ನೆಯದು ಅಥವಾ 26ನೆಯದು ಆಗಿರಬೇಕು, ಅಂದರೆ ಡ ಅಥವಾ ಯ. ಒಂದು ಮನೆ ಸರಿದಿದ್ದರೆ 1, 14 ಅಥವಾ 27, ಅಂದರೆ ಕ, ಢ ಅಥವಾ ರ. ಎರಡು ಮನೆಯಾದರೆ ಖ, ಣ ಅಥವಾ ಲ. ಒಟ್ಟು ಸಾಧ್ಯತೆಗಳು 108. ವ್ಯಂಜನಗಳನ್ನು ಮುಟ್ಟುವ ಮೊದಲೇ, ಜಪಮಾಲೆಯ ಮಣಿಗಳಷ್ಟು ಪದಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಾಕಿತ್ತು. ಮೊದಲನೆಯದು ಕ, ಎರಡನೆಯದು ಡ, ಮೂರನೆಯದು ಲ ಎಂದು ಬರೆಯುತ್ತಿದ್ದಂತೆಯೇ ಉಳಿದ ಎರಡು ತಾವಾಗಿಯೇ ಬಂದು ಕುಳಿತವು: ಕಡಲೆಕಾಯಿ.

ಕ ಒಂದನೆಯ ಅಕ್ಷರವಾದ್ದರಿಂದ ಅಲ್ಪಪ್ರಾಣಗಳೆಲ್ಲ ಒಂದು ಮನೆ ಸರಿದು ಮಹಾಪ್ರಾಣಗಳಾಗಿದ್ದವು. ಲ 28ನೆಯದಾದ್ದರಿಂದ ಉಕಾರ ಎರಡು ಮನೆ ಸರಿದು ಋಕಾರವಾಗಿತ್ತು; ನಾನು ಸಂಸ್ಕೃತವೆಂದು ಭ್ರಮಿಸಿದ ವಟ್ರಸುಳಿಗಳೆಲ್ಲ ನಮ್ಮ ಕೊಂಬುಗಳೇ. ‘ಭಾಟಬಿಪಾವುಢೀ’ ಎಂಬುದು ‘ಬಸವನಗುಡಿ’ ಆಯಿತು. ಉಳಿದ ಹಾಳೆಯಲ್ಲಿ ಮೇಷ್ಟರು ಬಾಲ್ಯದಲ್ಲಿ ತಂದೆಯ ಕೈಹಿಡಿದು ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಹೋದದ್ದು, ದೊಡ್ಡ ಬಸವನ ಎದುರು ಸೇರುಗಟ್ಟಲೆ ಕಾಯಿ ಕೊಂಡದ್ದು ಇದೆ.

ಅಕ್ಷರವನ್ನು ಎಲ್ಲಿ ಒಡೆಯಬೇಕೆಂಬ ಇದೇ ಪ್ರಶ್ನೆ ನನ್ನನ್ನು ಸಿರಿಭೂವಲಯದ ಕಡೆಗೆ ಎಳೆಯುತ್ತಿದೆ. ಕುಮುದೇಂದು ಮುನಿಯ ಆ ಕೃತಿಯಲ್ಲಿ ಅಕ್ಷರಗಳೇ ಇಲ್ಲ. 27 ಸಾಲು, 27 ಕಂಬಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು ಮಾತ್ರ. ಒಂಬತ್ತು ಸ್ವರಗಳ ಹ್ರಸ್ವ, ದೀರ್ಘ, ಪ್ಲುತಗಳಿಂದ 27, ವರ್ಗೀಯ 25, ಅವರ್ಗೀಯ 8, ಯೋಗವಾಹ 4 ಸೇರಿ 64 ಆಗುತ್ತದೆ. ಅಲ್ಲಿ ಸ್ವರಕ್ಕೂ ವ್ಯಂಜನಕ್ಕೂ ಪ್ರತ್ಯೇಕ ಅಂಕಿ ಇರುವುದರಿಂದ ಒತ್ತಕ್ಷರದ ತಕರಾರು ಹುಟ್ಟುವುದೇ ಇಲ್ಲ. ಓದುವ ದಾರಿಯೇ ಅಲ್ಲಿನ ಒಗಟು. ಮೊದಲ ಚಕ್ರದ 729 ಮನೆಗಳನ್ನು ದೊಡ್ಡ ಗ್ರಾಫ್ ಹಾಳೆಗೆ ಇಳಿಸಿ, ಅಚ್ಚಾಗಿರುವ ಪಾಠವನ್ನು ನೋಡದೆ ಆ ದಾರಿಯನ್ನು ಹುಡುಕಬೇಕೆಂದಿದ್ದೇನೆ.

ಇಂದು ಬೆಳಗ್ಗೆ ಮೇಷ್ಟರಿಗೆ ಫೋನ್ ಮಾಡಿ, “ಮೇಷ್ಟ್ರೇ, ಕಡಲೆಕಾಯಿ ಸಿಕ್ಕಿತು” ಎಂದೆ. “ಸಿಪ್ಪೆ ಪೂರ್ತಿ ಸುಲಿದಿರಾ? ಕೊನೆಯ ಸಾಲು ಓದಿದಿರಾ?” ಎಂದು ಕೇಳಿದರು. ಓದಿರಲಿಲ್ಲ, ಕೊನೆಯ 22 ಅಕ್ಷರಗಳನ್ನು ಬಿಡಿಸುವಷ್ಟರಲ್ಲಿ ನಿದ್ದೆ ಹತ್ತಿತ್ತು. ಫೋನ್ ಇಟ್ಟು ಬಿಡಿಸಿದೆ. ಮುಂದಿನ ಹಾಳೆಯಲ್ಲಿ ಒತ್ತಕ್ಷರ ಬಂದಾಗಲೆಲ್ಲ ಕೀಲಿ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ ಎಂದು ಅದರಲ್ಲಿತ್ತು.