ಎಲ್ಲಿಗೆ ಹೋಗಿ ನೋಡ್ತೀಯಪ್ಪ?

2024ರಲ್ಲಿ ಬಲಿಪಾಡ್ಯಮಿ ನವೆಂಬರ್ 2ಕ್ಕೆ ಬಂದಿತ್ತು. ಅಪ್ಪ ತೀರಿಕೊಂಡು ಐದು ತಿಂಗಳು. ಆ ವರ್ಷ ನಮಗೆ ಹಬ್ಬ ಇರಲಿಲ್ಲ. ಬೀದಿ ತುಂಬ ದೀಪ, ಪಟಾಕಿ ಸದ್ದು, ನಮ್ಮ ಹೊಸಿಲಲ್ಲಿ ಮಾತ್ರ ಏನೂ ಇಲ್ಲ. ಸಂಜೆ ಪಕ್ಕದ ಮನೆ ಆಂಟಿ ಬಂದು, "ಸಿಮೆಟ್ರಿ ತನಕ ಬಿಟ್ಟು ಬರ್ತೀಯಾ?" ಅಂದರು. ಅವರು ಕ್ಯಾಥೊಲಿಕರು. ನವೆಂಬರ್ 2 ಅವರಿಗೆ ತೀರಿಹೋದವರೆಲ್ಲರ ದಿನ.

ಬಿಟ್ಟು ಬರೋದಕ್ಕೆ ಹೋದವನು ಅಲ್ಲೇ ನಿಂತೆ. ಒಂದೊಂದು ಸಮಾಧಿಯ ಮೇಲೂ ಮೇಣದಬತ್ತಿ, ಸೇವಂತಿಗೆ. ಆಂಟಿ ಸೆರಗಿನಿಂದ ಅಂಕಲ್ ಹೆಸರಿನ ಕಲ್ಲು ಒರೆಸಿದರು. ಅಕ್ಷರಗಳ ಸಂದಿಯ ಮಣ್ಣನ್ನು ಉಗುರಿನಿಂದ ಕೆರೆದು ತೆಗೆದರು. ಪಾದ್ರಿಗಳು ಸಮಾಧಿಗಳ ಮೇಲೆ ತೀರ್ಥ ಚಿಮುಕಿಸುತ್ತಾ ಬಂದರು. ಎಲ್ಲಾ ಮುಗಿದ ಮೇಲೆ ಆಂಟಿ ಕೇಳಿದರು. "ನಿಮ್ಮಪ್ಪನ್ನ ನದೀಲಿ ಬಿಟ್ರಿ ಅಲ್ವಾ? ಈಗ ಎಲ್ಲಿಗೆ ಹೋಗಿ ನೋಡ್ತೀಯಪ್ಪ?"

ಅವರು ಚುಚ್ಚೋದಕ್ಕೆ ಕೇಳಿದ್ದಲ್ಲ. ಅವರಿಗೆ ನಿಜವಾಗಲೂ ಅರ್ಥವಾಗಿರಲಿಲ್ಲ. ಅಪ್ಪನ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟಿದ್ದೆ. ಮಡಕೆ ಮಗುಚಿದಾಗ ಬೂದಿ ಒಂದು ಕ್ಷಣ ನೀರಿನ ಮೇಲೆ ನಿಂತು, ಆಮೇಲೆ ಕರಗಿತು. ಹೋಗಿ ನೋಡೋದಕ್ಕೆ ಏನೂ ಉಳಿಸಬಾರದು ಅನ್ನೋದೇ ನಮ್ಮ ಪದ್ಧತಿ. ದೇಹ ಹಳೇ ಬಟ್ಟೆ, ಜೀವ ಅದನ್ನು ಬಿಟ್ಟು ಹೊಸದು ಉಟ್ಟುಕೊಳ್ಳುತ್ತೆ ಅಂತ ಗೀತೆಯ ಎರಡನೇ ಅಧ್ಯಾಯ ಹೇಳುತ್ತೆ. ಬಿಟ್ಟ ಬಟ್ಟೆಗೆ ಯಾರು ಕಲ್ಲು ನೆಡ್ತಾರೆ?

ಆಂಟಿಗೆ ದೇಹ ಬಟ್ಟೆಯಲ್ಲ. ಕಡೆಯ ದಿನ ಅದೇ ಮತ್ತೆ ಏಳುತ್ತೆ ಅಂತ ಅವರು ಭಾನುವಾರ ಚರ್ಚಿನ ಪೂಜೆಯಲ್ಲಿ ವಿಶ್ವಾಸ ಸಂಗ್ರಹ, ಅಂದರೆ ತಾವು ನಂಬೋದನ್ನೆಲ್ಲ ಒಟ್ಟಿಗೆ ಹೇಳೋ ಪ್ರಾರ್ಥನೆ, ಹೇಳುವಾಗ ಬಾಯಿಬಿಟ್ಟು ಹೇಳ್ತಾರೆ. ಅವರ ಚರ್ಚು ಶವ ಸುಡೋದಕ್ಕೆ 1963ರಲ್ಲಿ ಒಪ್ಪಿತು. ಆದರೆ ಬೂದಿಯನ್ನು ಗಾಳಿಗೋ ನೀರಿಗೋ ಚೆಲ್ಲಬಾರದು, ಪವಿತ್ರ ಜಾಗದಲ್ಲೇ ಇಡಬೇಕು ಅಂತ 2016ರಲ್ಲಿ ಮತ್ತೆ ಹೇಳಿತು. ಮನುಷ್ಯ ಸಾಯೋದು ಒಂದೇ ಸಲ, ಆಮೇಲೆ ತೀರ್ಪು. ಸ್ವರ್ಗ ಸಿಕ್ಕಿದರೆ ಶಾಶ್ವತ. ನಮ್ಮಲ್ಲಿ ಸ್ವರ್ಗಕ್ಕೂ ಅವಧಿ ಇದೆ. ಪುಣ್ಯ ಖರ್ಚಾದರೆ ವಾಪಸ್ ಇಲ್ಲಿಗೇ. ಬಿಡುಗಡೆ ಅಂದರೆ ಮೋಕ್ಷ, ಅದು ಸ್ವರ್ಗಕ್ಕಿಂತ ಬೇರೆ. ಹಾಗಂತ ಹಿಂದೂಗಳೆಲ್ಲ ಒಂದೇ ಮಾತು ಹೇಳ್ತಾರೆ ಅನ್ನೋ ಹಾಗೂ ಇಲ್ಲ. ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ಕೆಲವು ಜೀವಗಳಿಗೆ ಬಿಡುಗಡೆಯೇ ಇಲ್ಲ, ಕತ್ತಲೆಯೇ ಕೊನೆ. ಆ ಕಡೆ ಆಫೀಸಿನ ನನ್ನ ಪ್ರೊಟೆಸ್ಟೆಂಟ್ ಗೆಳೆಯರ ಮನೆಯಲ್ಲಿ ಸತ್ತವರಿಗಾಗಿ ಪ್ರಾರ್ಥನೆಯೇ ಮಾಡೋದಿಲ್ಲ.

ಆದರೆ ನನ್ನನ್ನು ಕಾಡಿದ್ದು ಸ್ವರ್ಗ ನರಕ ಅಲ್ಲ. ಅಪ್ಪ ಮತ್ತೆ ಸಿಗ್ತಾರಾ ಅನ್ನೋದು.

ಆಂಟಿಗೆ ಅದರಲ್ಲಿ ಅನುಮಾನವೇ ಇಲ್ಲ. ಅಂಕಲ್ ಈಗ ಶುದ್ಧವಾಗೋ ದಾರಿಯಲ್ಲಿರಬಹುದು. ಅದಕ್ಕೇ ಅವರ ಹೆಸರಲ್ಲಿ ಪೂಜೆ ಕೊಡಿಸ್ತಾರೆ. ಒಂದು ದಿನ ಇಬ್ಬರೂ ಎದುರಾಗ್ತಾರೆ, ಅವರು ಅವರಾಗಿ, ಇವರು ಇವರಾಗಿ. ಆ ನಂಬಿಕೆ ಕಂಡು ನನಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ?

ನನ್ನ ಕೈ ಹನ್ನೆರಡನೇ ದಿನ ಮಾಡಿದ್ದೇ ಬೇರೆ ಕೆಲಸ. ಅವತ್ತು ಸಪಿಂಡೀಕರಣ, ತೀರಿಹೋದವರನ್ನು ಹಿರಿಯರ ಜೊತೆ ಸೇರಿಸೋ ಕರ್ಮ. ಮುಂದೆ ನಾಲ್ಕು ಪಿಂಡ. ಉದ್ದಕ್ಕಿರೋದು ಅಪ್ಪ. ದುಂಡಗಿರೋ ಮೂರು ತಾತ, ಮುತ್ತಾತ, ಮುತ್ತಾತನ ಅಪ್ಪ. ಶಾಸ್ತ್ರಿಗಳು ದರ್ಭೆ ಕೊಟ್ಟು, "ಮೂರು ಭಾಗ ಮಾಡಿ" ಅಂದರು. ಮಾಡಿದೆ. ಅನ್ನ ಇನ್ನೂ ಬೆಚ್ಚಗಿತ್ತು. ಒಂದೊಂದು ಭಾಗವನ್ನು ಒಂದೊಂದು ಪಿಂಡದಲ್ಲಿಟ್ಟು ಅದುಮಿ ಕಲೆಸಿದೆ. ಎಳ್ಳು ಬೆರಳಿಗೆ ಅಂಟಿತು. ಯಾವ ಅಗುಳು ಅಪ್ಪನದು, ಯಾವುದು ತಾತನದು, ಗೊತ್ತಾಗಲಿಲ್ಲ. ಅಲ್ಲಿಯವರೆಗೂ ಅಳು ಬಂದಿರಲಿಲ್ಲ. ಆಗ ಬಂತು.

ಇನ್ನು ಮುಂದೆ ಮುತ್ತಾತನ ಅಪ್ಪನಿಗೆ ಹೆಸರು ಹೇಳಿ ಪಿಂಡ ಇಡೋ ಹಾಗಿಲ್ಲ. ಮೂರೇ ತಲೆಮಾರು. ಅಪ್ಪ ಸೇರಿದರು, ಅವರು ಆಚೆ ಹೋದರು. "ಅವರಿಗೆ ಇನ್ನು ಏನೂ ಇಲ್ವಾ?" ಅಂತ ಕೇಳಿದೆ. "ಪಿಂಡ ಇಟ್ಟ ಮೇಲೆ ಕೈಗೆ ಅಂಟಿದ ಅನ್ನ ದರ್ಭೆಗೆ ಒರೆಸ್ತೀರಲ್ಲ, ಅದು ಅವರಿಗೆ" ಅಂದರು ಶಾಸ್ತ್ರಿಗಳು. ಅಪ್ಪ ಇಷ್ಟರಲ್ಲಿ ಎಲ್ಲೋ ಹುಟ್ಟಿಬಿಟ್ಟಿದ್ದರೆ ಈ ಅನ್ನ ಯಾರಿಗೆ ಅಂತಲೂ ಕೇಳಿದೆ. ದೇವತೆಯಾಗಿದ್ದರೆ ಅಮೃತವಾಗಿ, ಹಸುವಾಗಿದ್ದರೆ ಹುಲ್ಲಾಗಿ ತಲುಪುತ್ತೆ ಅಂತ ಉತ್ತರ ಬಂತು. ಅಂದರೆ ನನಗೆ ವಿಳಾಸ ಗೊತ್ತಿರಬೇಕಾಗಿಲ್ಲ. ಕಳಿಸಿದರೆ ಸಾಕು. ಆ ಮಾತು ನನ್ನನ್ನು ಎಷ್ಟು ಹಿಡಿದು ನಿಲ್ಲಿಸಿತು ಅಂತ ಹೇಳೋದು ಕಷ್ಟ. ಅಪ್ಪ ಅಪ್ಪನಾಗಿಯೇ ಸಿಗ್ತಾರೆ ಅಂತ ನಮ್ಮ ಮನೆಯಲ್ಲಿ ಯಾರೂ ನನಗೆ ಹೇಳಿಲ್ಲ. ಆದರೆ ಎಲ್ಲೋ ಒಂದು ಕಡೆ ಇನ್ನೂ ಹೊಟ್ಟೆ ತುಂಬಿಸಬಹುದು ಅಂತ ಹೇಳಿದ್ದಾರೆ.

ಆಂಟಿಗೆ ಇದನ್ನೆಲ್ಲ ಬೈಕ್ ಸ್ಟ್ಯಾಂಡ್ ಹಾಕಿಕೊಂಡು ಸಿಮೆಟ್ರಿ ಗೇಟಿನ ಹತ್ತಿರವೇ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ನಾವೂ ಪೂಜೆ ಕೊಡಿಸೋದು ಅದಕ್ಕೇ ಅಲ್ವಾ, ತಲುಪಲಿ ಅಂತ" ಅಂದರು.

ಮುಂದಿನ ವರ್ಷ ವರ್ಷಾಬ್ದಿಕ ಮುಗಿದಿತ್ತು. 2025ರ ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ. ಅವತ್ತಿನ ತರ್ಪಣದಲ್ಲಿ ಗುರುಗಳಿಗೆ, ಗೆಳೆಯರಿಗೆ, ಆಪ್ತರಿಗೂ ನೀರು ಬಿಡಬಹುದು. ಹಿಂದಿನ ದಿನ ಆಂಟಿಯನ್ನು ಕೇಳಿದೆ. "ಬಿಡಪ್ಪ, ಪ್ರೀತಿಯಿಂದ ಕೊಡೋ ನೀರು ತಾನೇ" ಅಂದರು. ಅಂಕಲ್ ನನಗೆ ಸೈಕಲ್ ಕಲಿಸಿದವರು. ಅವರ ಹೆಸರು ಹೇಳಿದಾಗ ಶಾಸ್ತ್ರಿಗಳು ಒಂದು ಕ್ಷಣ ನನ್ನ ಮುಖ ನೋಡಿದರು.

"ಗೋತ್ರ?"

"ಗೊತ್ತಿಲ್ಲ."

"ಗೊತ್ತಿಲ್ಲದಿದ್ದರೆ ಕಾಶ್ಯಪ ಗೋತ್ರ" ಅಂದರು. ಹೆಬ್ಬೆರಳು ತೋರುಬೆರಳಿನ ನಡುವಿಂದ ಎಳ್ಳು ನೀರು ಮೂರು ಸಲ ಬಿಟ್ಟೆ.