ಗುಡ್ಡದ ಕಂದಕ, ಕೊರಕಲಿನ ಕಲ್ಲುತಡೆ: ಭರಣಿ ಮಳೆಯ ನಂತರದ ಸ್ಥಿತಿ

ಈ ಸಲದ ಪಂಚಾಯಿತಿ ಕ್ರಿಯಾಯೋಜನೆಯಲ್ಲಿ ಕೆರೆ ಹೂಳೆತ್ತುವುದಿಲ್ಲ. ಗ್ರಾಮಸಭೆಯಲ್ಲಿ ಹೆಚ್ಚು ತಕರಾರು ಬಂದದ್ದೂ ಇದಕ್ಕೇ. ಮೇಲಿನ ಗೋಮಾಳ ಬೋಳಾಗಿರುವಾಗ ಹೂಳು ತೆಗೆದರೆ, ನಾಲ್ಕು ಜೋರು ಮಳೆಗೆ ಹೊಸ ಮಣ್ಣು ಬಂದು ಕೂರುತ್ತದೆ. ಹಾಗಾಗಿ ಮೊದಲು ಗುಡ್ಡದ ನೆತ್ತಿ, ಆಮೇಲೆ ಕೊರಕಲು, ಕೆರೆಯ ಸರದಿ ಕೊನೆಗೆ.

ಗುಡ್ಡದಲ್ಲಿ ಹರಿಯುವ ಮಳೆನೀರು ಹಿಡಿದು ನಿಲ್ಲಿಸಲು ತೋಡಿದ ಒಂದೊಂದು ಕಂದಕ 4 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅಷ್ಟೇ ಆಳ. ತುಂಬಿದರೆ 1,000 ಲೀಟರ್. ಹೆಕ್ಟೇರಿಗೆ 30 ಮಿ.ಮೀ. ಮಳೆ ಎಂದರೆ 3 ಲಕ್ಷ ಲೀಟರ್. ಅದರಲ್ಲಿ ಮೂರನೇ ಒಂದು ಪಾಲು ಹರಿಯುತ್ತದೆ ಎಂದು ಹಿಡಿದು ಹೆಕ್ಟೇರಿಗೆ 100 ಕಂದಕ ಹಾಕಿದೆ. ಮೇಲಿನ ಸಾಲಿನ ಸಂದಿಗೆ ಕೆಳಸಾಲಿನ ಕಂದಕ ಎದುರಾಗಬೇಕು. ಅಗೆದ ಮಣ್ಣು ಇಳಿಜಾರಿನ ಕೆಳಬದಿಗೆ, ಅಂಚಿನಿಂದ 30 ಸೆಂ.ಮೀ. ಆಚೆಗೆ. ಅಂಚಿಗೇ ಸುರಿದರೆ ಮೊದಲ ಮಳೆಗೇ ಕಂದಕದೊಳಕ್ಕೆ ಜಾರುತ್ತದೆ.

ಕಂದಕದ ಗೆರೆಗೆ ಮಟ್ಟ ಹಿಡಿಯಲು ಬಿದಿರಿನ ಎ ಫ್ರೇಮ್ ಸಾಕು, ಅಂದರೆ ಇಂಗ್ಲಿಷಿನ A ಅಕ್ಷರದಂತೆ ಕಟ್ಟಿ ನೆತ್ತಿಯಿಂದ ತೂಗುಗುಂಡು ಇಳಿಬಿಟ್ಟ ಚೌಕಟ್ಟು. ಎರಡು ಗೂಟಗಳ ಮೇಲೆ ನಿಲ್ಲಿಸಿ, ತೂಗುಗುಂಡಿನ ದಾರ ಅಡ್ಡಪಟ್ಟಿಗೆ ತಾಗುವಲ್ಲಿ ಗುರುತು ಮಾಡಿ, ಕಾಲು ಅದಲುಬದಲು ಮಾಡಿ ಇನ್ನೊಂದು ಗುರುತು ಹಾಕಬೇಕು. ಎರಡರ ನಡುಮಧ್ಯವೇ ಸರಿಮಟ್ಟ. ಗಾಳಿ ಬೀಸುವಾಗ ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ಭರಣಿ ಮಳೆಗೆ ಕೆಲವು ಕಂದಕಗಳು ಒಂದೇ ಮೂಲೆಯಲ್ಲಿ ಉಕ್ಕಿ ಹರಿದವು. ಗೆರೆ ಸರಿಯಿತ್ತು, ಕೆಳಅಂಚು ಒಂದು ಕಡೆ ತಗ್ಗಿತ್ತು. ತಳ ಎಷ್ಟು ಸಮವಾಗಿದ್ದರೂ ನೀರು ಅಂಚಿನ ತಗ್ಗಿನಿಂದಲೇ ಹೊರಬೀಳುತ್ತದೆ. ಒದ್ದೆ ಮಣ್ಣು ಹಾಕಿ, ದಿಮ್ಮಸು ಹೊಡೆದು ಅಂಚು ಎತ್ತರಿಸಿದೆ.

ಕೊರಕಲಿನಲ್ಲಿ ನೀರಿನ ರಭಸ ತಗ್ಗಿಸಲು ಅಡ್ಡ ಕಟ್ಟಿದ ತಡೆಗಳಿಗೆ ಸಿಮೆಂಟ್ ಬಳಸಿಲ್ಲ, ಬರೀ ಕಲ್ಲು. ತಡೆಯ ಬುಡ 30 ಸೆಂ.ಮೀ. ನೆಲದೊಳಗೆ, ಎರಡೂ ತುದಿ ದಡದೊಳಗೆ ಅರ್ಧ ಮೀಟರ್. ನಡುವೆ ನೀರು ಉಕ್ಕಿ ಹೋಗುವ ಕೋಡಿ ಬದಿಗಳಿಗಿಂತ 25 ಸೆಂ.ಮೀ. ತಗ್ಗು. ತಲೆ ಚಪ್ಪಟೆಯಾಗಿ ಕಟ್ಟಿದ ಒಂದು ತಡೆಯ ಪಕ್ಕದ ದಡವನ್ನು ನೀರು ಆಗಲೇ ಕೊರೆದಿದೆ. ಅದನ್ನು ಬಿಚ್ಚಿ ಕಟ್ಟಬೇಕು. ಕೆಳತಡೆಯ ಕೋಡಿ ಮೇಲಿನ ತಡೆಯ ಬುಡಕ್ಕೆ ಸಮ ಇರಬೇಕು. ಕೋಡಿಯ ಎತ್ತರ 80 ಸೆಂ.ಮೀ., ಇಳಿಜಾರು ನೂರಕ್ಕೆ 10 ಇದ್ದರೆ ಅಂತರ 8 ಮೀಟರ್. ಕಲ್ಲು ಉಳಿಸಲು ಅಂತರ ಹಿಗ್ಗಿಸಿದರೆ ನಡುವಿನ ಖಾಲಿ ಜಾಗ ಮತ್ತೆ ಕೊರೆಯುತ್ತದೆ. ದಪ್ಪ ಕಲ್ಲು ಹೊರಗೆ, ನೀರು ಇಳಿಯುವ ಬದಿಗೆ, ಚೂರುಕಲ್ಲು ಒಳಗೆ.

ರೋಹಿಣಿಗೆ ಮುಂಚೆ ಆಗಬೇಕಾದ್ದು: ಕೋಡಿಯ ನೀರು ಬೀಳುವಲ್ಲಿ ಕಲ್ಲುಹಾಸು, ಕಂದಕದ ಮಣ್ಣಿನ ಮೇಲೆ ಸ್ಟೈಲೊ ಎಂಬ ಮೇವಿನ ಬೆಳೆಯ ಬೀಜ, ಸೀತಾಫಲ, ಹೊಂಗೆ ಸಸಿ. ಕುರಿಗಾರರ ಜತೆ ಮಾತುಕತೆ ಮುಗಿದಿಲ್ಲ. ಗುಡ್ಡವನ್ನು ಮೂರು ಪಾಲು ಮಾಡಿ, ಒಂದನ್ನು ಮುಚ್ಚಿ ಉಳಿದೆರಡರಲ್ಲಿ ಮೇಯಿಸುವ ಪ್ರಸ್ತಾಪ ಅವರ ಮುಂದಿದೆ. ಅದು ಇತ್ಯರ್ಥವಾಗುವ ತನಕ ಸಸಿ ತರಿಸುವುದಿಲ್ಲ.